ಬೋರ್ಜೋಮಿಗೆ ಹೋಗುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ದುಬೈ, ಅಬುಧಾಬಿ, ದೋಹಾದಲ್ಲಿರುವ ನಮ್ಮ ಕಡೆಯವರು ರಜೆ ಸಿಕ್ಕಿತೆಂದರೆ ಜಾರ್ಜಿಯಾ ಕಡೆ ಹೊರಡುವುದು ಈಗ ಮಾಮೂಲಿ. ಟಿಬಿಲಿಸಿಯಲ್ಲಿ ಮೆಡಿಕಲ್ ಓದುತ್ತಿರುವ ಮಕ್ಕಳನ್ನು ನೋಡಲು ಊರಿಂದ ಹೋಗುವ ಅಪ್ಪ ಅಮ್ಮಂದಿರೂ ಇದ್ದಾರೆ. ಇವರಲ್ಲಿ ಹೆಚ್ಚಿನವರು ಬೋರ್ಜೋಮಿ ನೋಡುವುದು ಒಂದೇ ದಿನದ ಟೂರ್‌ನಲ್ಲಿ. ವ್ಯಾನ್ ಇಳಿದು, ಅಲ್ಲಿನ ಖನಿಜ ನೀರು ಒಂದು ಲೋಟ ಬಾಯಿಗೆ ಹಾಕಿ, ಮುಖ ಹಿಂಡಿ, ಫೋಟೋ ತೆಗೆದು ಮತ್ತೆ ವ್ಯಾನ್ ಹತ್ತಿಬಿಡುತ್ತಾರೆ. ಆ ಊರಿಗೆ ಅದು ಅನ್ಯಾಯ. ಎರಡು ರಾತ್ರಿ ಉಳಿದರೆ ಮಾತ್ರ ಬೋರ್ಜೋಮಿ ಏನೆಂದು ಗೊತ್ತಾಗುತ್ತದೆ. ಹಾಗೆ ಉಳಿಯಲು ಮನಸ್ಸು ಮಾಡುವವರಿಗಾಗಿ ಈ ಪ್ರಶ್ನೋತ್ತರ.

ಬೋರ್ಜೋಮಿ ಎಲ್ಲಿದೆ?

ಕಾಕಸಸ್ ಬೆಟ್ಟಗಳ ದೇಶವಾದ ಜಾರ್ಜಿಯಾದ ದಕ್ಷಿಣ ಭಾಗದಲ್ಲಿ. ಅಮೆರಿಕದ ಜಾರ್ಜಿಯಾ ಅಲ್ಲ. ರಾಜಧಾನಿ ಟಿಬಿಲಿಸಿಯಿಂದ ಸುಮಾರು 160 ಕಿ.ಮೀ. ಸಮುದ್ರ ಮಟ್ಟದಿಂದ 800 ಮೀಟರ್‌ಗಿಂತ ಸ್ವಲ್ಪ ಮೇಲೆ, ಮ್‌ತ್ಕ್‌ವಾರಿ ನದಿ ಕೊರೆದ ಕಣಿವೆಯಲ್ಲಿ ಊರು ಕುಳಿತಿದೆ. ನಮ್ಮ ಶಾಲೆ ಪುಸ್ತಕಗಳಲ್ಲಿ ಕುರಾ ಅಂತ ಓದಿದ ನದಿಯೇ ಇದು. ಎರಡೂ ಕಡೆ ಪೈನ್, ಸ್ಪ್ರೂಸ್ ಮರಗಳ ದಟ್ಟ ಕಾಡು. 2014ರ ಜನಗಣತಿಯಲ್ಲಿ ಊರಿನ ಜನ ಹತ್ತು ಸಾವಿರ ಚಿಲ್ಲರೆ, ಅಷ್ಟೇ.

ಇಷ್ಟು ಚಿಕ್ಕ ಊರಿಗೆ ಇಷ್ಟು ಹೆಸರು ಹೇಗೆ ಬಂತು?

ನೀರಿನಿಂದ. ಇಲ್ಲಿನ ಖನಿಜ ನೀರು ಹಿಂದಿನ ಸೋವಿಯತ್ ದೇಶಗಳಲ್ಲಿ ಮನೆ ಮನೆಗೂ ಗೊತ್ತು.

ಕತೆ ಶುರುವಾಗುವುದು 1829ರಲ್ಲಿ. ಆ ವರ್ಷ ರಷ್ಯಾ ಸೇನೆಯ ಖೆರ್ಸೋನ್ ಗ್ರೆನೆಡಿಯರ್ ಪಡೆ ಈ ಕಣಿವೆಯಲ್ಲಿ ಬೀಡುಬಿಟ್ಟಿತ್ತು. ಕಾಡಿನಲ್ಲಿ ಮುಚ್ಚಿಹೋಗಿದ್ದ ಊಟೆಗಳು, ಅಂದರೆ ನೀರಿನ ಚಿಲುಮೆಗಳು, ಸೈನಿಕರ ಕಣ್ಣಿಗೆ ಬಿದ್ದವು. ಹೊಟ್ಟೆನೋವಿನಿಂದ ಬಳಲುತ್ತಿದ್ದ ಪಡೆಯ ಕರ್ನಲ್ ಪೊಪೋವ್ ಆ ನೀರು ಕುಡಿದು ಸುಧಾರಿಸಿಕೊಂಡರು ಅನ್ನುವುದು ಊರಿನವರು ಹೇಳುವ ಮಾತು. ಆದರೆ ಅದಕ್ಕೂ ಎಷ್ಟೋ ಮುಂಚೆ ಇಲ್ಲಿ ಜನ ಮೀಯುತ್ತಿದ್ದರು. ಹಳೆಯ ಕಲ್ಲಿನ ತೊಟ್ಟಿಗಳು ನೆಲದಡಿ ಸಿಕ್ಕಿವೆ.

1840ರ ಹೊತ್ತಿಗೆ ಕಾಕಸಸ್‌ನ ಆಡಳಿತ ನೋಡಿಕೊಳ್ಳುತ್ತಿದ್ದ ಯೆವ್ಗೆನಿ ಗೊಲೋವಿನ್ ತಮ್ಮ ಮಗಳು ಯೆಕತೆರೀನಾಳನ್ನು ಚಿಕಿತ್ಸೆಗೆ ಇಲ್ಲಿಗೆ ಕರೆತಂದರು. ಒಂದು ಊಟೆಗೆ ಮಗಳ ಹೆಸರು, ಇನ್ನೊಂದಕ್ಕೆ ಅಪ್ಪನ ಹೆಸರು ಬಿತ್ತು. 1850ರಲ್ಲಿ ವೈಸರಾಯ್ ವೊರೊಂತ್ಸೋವ್ ಕಾಲದಲ್ಲಿ ಊಟೆಗಳ ಸುತ್ತ ಪಾರ್ಕ್ ಆಯಿತು. ಆಮೇಲೆ ಬಂದವರು ರಷ್ಯಾದ ಚಕ್ರವರ್ತಿಯ ತಮ್ಮ ಮಿಖಾಯಿಲ್ ನಿಕೊಲಾಯೆವಿಚ್. ಅವರ ಕಾಲದಲ್ಲೇ ನೀರನ್ನು ಬಾಟಲಿಗೆ ತುಂಬುವ ಕಾರ್ಖಾನೆ ದೊಡ್ಡ ಮಟ್ಟದಲ್ಲಿ ನಡೆಯಿತು. 1894ರಲ್ಲಿ ರೈಲೂ ಬಂತು. ಬಾಟಲಿ ರೈಲು ಹತ್ತಿದ ಮೇಲೆ ಹೆಸರು ಹರಡಲು ಎಷ್ಟು ಹೊತ್ತು?

ನೀರಿನಲ್ಲಿ ಅಂಥದ್ದೇನಿದೆ?

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮಳೆ, ಹಿಮದ ನೀರು ಬಂಡೆಗಳ ಬಿರುಕಿನಲ್ಲಿ ಆಳಕ್ಕೆ ಇಳಿಯುತ್ತದೆ. ಇದು ಹಳೆಯ ಜ್ವಾಲಾಮುಖಿಗಳ ಸೀಮೆ. ಆಳದಲ್ಲಿ ಇಂಗಾಲದ ಡೈ ಆಕ್ಸೈಡ್ ನೀರಿಗೆ ಸೇರುತ್ತದೆ. ಅದು ಸೇರಿದ ನೀರು ಸ್ವಲ್ಪ ಹುಳಿಯಾಗಿ, ಬಂಡೆಯನ್ನು ಕರಗಿಸಿಕೊಳ್ಳುತ್ತಾ ಸಾಗುತ್ತದೆ. ಆ ಗ್ಯಾಸೇ ನೀರನ್ನು ಮೇಲಕ್ಕೂ ತಳ್ಳುತ್ತದೆ.

ಹೀಗೆ ಮೇಲೆ ಬರುವ ಹೊತ್ತಿಗೆ ಒಂದು ಲೀಟರ್‌ನಲ್ಲಿ 5ರಿಂದ 7.5 ಗ್ರಾಂ ಖನಿಜಾಂಶ ಇರುತ್ತದೆ. ಅದರಲ್ಲಿ ಬೈಕಾರ್ಬೊನೇಟ್ ಒಂದೇ 3.5ರಿಂದ 5 ಗ್ರಾಂ. ಸೋಡಿಯಂ 1ರಿಂದ 2 ಗ್ರಾಂ. ಉಳಿದದ್ದು ಕ್ಲೋರೈಡ್, ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಇತ್ಯಾದಿ. ನಮ್ಮ ಅಂಗಡಿಯಲ್ಲಿ 'ಮಿನರಲ್ ವಾಟರ್' ಅಂತ ಕೇಳಿ ತರುವ ಬಾಟಲಿಗೂ ಇದಕ್ಕೂ ಸಂಬಂಧವೇ ಇಲ್ಲ. ಅದು ಬಹುತೇಕ ಶುದ್ಧ ಮಾಡಿದ ಕುಡಿಯುವ ನೀರು. ಇದು ನಿಜವಾಗಿ ಖನಿಜ ತುಂಬಿದ ನೀರು.

ರುಚಿ ಹೇಗಿರುತ್ತದೆ? ಕುಡಿಯಲು ಆಗುತ್ತದಾ?

ಗ್ಯಾಸ್ ಅರ್ಧ ಹೋದ ಗೋಲಿಸೋಡಾವನ್ನು ಉಗುರುಬೆಚ್ಚಗೆ ಮಾಡಿ, ಚಿಟಿಕೆ ಉಪ್ಪು, ಚಿಟಿಕೆ ಅಡುಗೆ ಸೋಡಾ ಬೆರೆಸಿದರೆ ಹೇಗಿರುತ್ತದೋ ಸುಮಾರು ಹಾಗೆ. ಜೊತೆಗೆ ಕಬ್ಬಿಣದ ಒಗರು, ಮೂಗಿಗೆ ಗಂಧಕದ ಸಣ್ಣ ವಾಸನೆ. ಮೊದಲ ಗುಟುಕಿಗೆ ಹೆಚ್ಚಿನವರು ಉಗಿಯುತ್ತಾರೆ. ಆದರೆ ಮಾರನೇ ದಿನ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಚಳಿಯಲ್ಲಿ ಅದೇ ಬೆಚ್ಚನೆ ನೀರನ್ನು ಸಣ್ಣ ಸಣ್ಣ ಗುಟುಕಾಗಿ ಕುಡಿದು ನೋಡಿ. ನಾಲಿಗೆ ಒಪ್ಪಿಕೊಳ್ಳುತ್ತದೆ. ಎರಡು ರಾತ್ರಿ ಉಳಿಯಿರಿ ಅಂತ ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಬಾಟಲಿ ಬೋರ್ಜೋಮಿ ದುಬೈ ಸೂಪರ್‌ಮಾರ್ಕೆಟ್‌ನಲ್ಲೇ ಸಿಗುತ್ತಲ್ಲ. ಅದೇ ನೀರಲ್ವಾ?

ಕಣಿವೆ ಅದೇ, ಅನುಭವ ಬೇರೆ. ಬಾಟಲಿಗೆ ಹೋಗುವ ನೀರು ಆಳದ ಕೊಳವೆಬಾವಿಗಳಿಂದ ಬರುತ್ತದೆ. ಅದನ್ನು ತಣಿಸಿ, ಗ್ಯಾಸ್ ಚೆನ್ನಾಗಿ ಸೇರಿಸಿ ತುಂಬುತ್ತಾರೆ. ಹಾಗಾಗಿ ಚುರುಕಾಗಿ, ಊಟದ ಜೊತೆ ಕುಡಿಯಲು ಹಿತವಾಗಿ ಇರುತ್ತದೆ. ಪಾರ್ಕಿನ ನೀರು ಬೆಚ್ಚಗೆ, ಮಂದವಾಗಿ, ವಾಸನೆ ಸಮೇತ ಬರುತ್ತದೆ.

ಪಾರ್ಕಿನಿಂದ ಕ್ಯಾನ್‌ನಲ್ಲಿ ತುಂಬಿಕೊಂಡು ಮನೆಗೆ ತರಬಹುದೇ?

ತುಂಬಿಕೊಳ್ಳಲು ಯಾರೂ ಬೇಡ ಅನ್ನುವುದಿಲ್ಲ. ಊರಿನವರೇ ದೊಡ್ಡ ಬಾಟಲಿ ತರುತ್ತಾರೆ. ಆದರೆ ಇಡಲು ಹೋಗಬೇಡಿ. ಗ್ಯಾಸ್ ಹಾರಿಹೋದ ಮೇಲೆ ಕರಗಿದ್ದ ಸುಣ್ಣ, ಕಬ್ಬಿಣ ಬೇರೆಯಾಗಿ ತಳದಲ್ಲಿ ಕೂರುತ್ತದೆ. ಅಲ್ಲೇ ನಿಂತು ಕುಡಿಯುವ ನೀರು ಅದು. ಮನೆಗೆ ಬೇಕಾದರೆ ಸೀಲ್ ಮಾಡಿದ ಗಾಜಿನ ಬಾಟಲಿ ಕೊಂಡು ಚೆಕ್-ಇನ್ ಲಗೇಜಿನಲ್ಲಿ ಬಟ್ಟೆ ಸುತ್ತಿ ಇಡಿ.

ಈ ನೀರು ಕುಡಿದರೆ ಕಾಯಿಲೆ ವಾಸಿಯಾಗುತ್ತದಾ?

ಈ ಪ್ರಶ್ನೆಗೆ ನೇರವಾಗಿ ಉತ್ತರ ಕೊಡಲೇಬೇಕು, ಯಾಕೆಂದರೆ ಅಪ್ಪ ಅಮ್ಮನ ಕೈಗೆ ಬಾಟಲಿ ಕೊಡುವವರು ನಾವೇ.

ಬೈಕಾರ್ಬೊನೇಟ್ ಇರುವ ನೀರು ಹೊಟ್ಟೆಯ ಆಮ್ಲವನ್ನು ತಗ್ಗಿಸುತ್ತದೆ. ಎದೆಯುರಿ, ಹುಳಿತೇಗು ಇದ್ದವರಿಗೆ ಆ ಹೊತ್ತಿಗೆ ಹಿತ ಅನ್ನಿಸುತ್ತದೆ. ಇದು ರಸಾಯನಶಾಸ್ತ್ರ, ಪವಾಡ ಅಲ್ಲ. ಸೋವಿಯತ್ ಕಾಲದ ಸ್ಯಾನಟೋರಿಯಂಗಳಲ್ಲಿ, ಅಂದರೆ ಉಳಿದು ಚಿಕಿತ್ಸೆ ಪಡೆಯುವ ಆರೋಗ್ಯಧಾಮಗಳಲ್ಲಿ, ಇದಕ್ಕೊಂದು ಶಿಸ್ತೇ ಇತ್ತು. ವೈದ್ಯರು ನೋಡಿ, ಎಷ್ಟು ಕುಡಿಯಬೇಕು, ಊಟಕ್ಕೆ ಎಷ್ಟು ಮುಂಚೆ ಕುಡಿಯಬೇಕು ಅಂತ ಬರೆದುಕೊಡುತ್ತಿದ್ದರು. ಆಮ್ಲ ಜಾಸ್ತಿ ಇರುವವರಿಗೆ ಊಟಕ್ಕೆ ಒಂದೂವರೆ ಗಂಟೆ ಮೊದಲು, ಕಡಿಮೆ ಇರುವವರಿಗೆ ಅರ್ಧ ಗಂಟೆ ಮೊದಲು, ಹೀಗೆ. ಆ ಶಿಸ್ತಿನ ಜೊತೆ ಹೊತ್ತಿಗೆ ಸರಿಯಾಗಿ ಊಟ, ಕಾಡಿನ ನಡಿಗೆ, ನಿದ್ದೆ ಎಲ್ಲ ಇತ್ತು. ಆರಾಮ ಆದದ್ದರಲ್ಲಿ ಅವುಗಳ ಪಾಲು ದೊಡ್ಡದೇ ಅಂತ ನನ್ನ ನಂಬಿಕೆ.

ಈಗ ಎಚ್ಚರಿಕೆ. ದೊಡ್ಡವರು ದಿನಕ್ಕೆ 2 ಗ್ರಾಂಗಿಂತ ಕಡಿಮೆ ಸೋಡಿಯಂ ತಿನ್ನಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದು ಲೀಟರ್ ಬೋರ್ಜೋಮಿಯಲ್ಲೇ ಅದರ ಅರ್ಧದಿಂದ ಪೂರ್ತಿವರೆಗೆ ಇದೆ. ಬಿಪಿ ಇರುವವರು, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು ತಮ್ಮ ಡಾಕ್ಟರನ್ನು ಕೇಳದೆ ಇದನ್ನು ಮದ್ದಿನಂತೆ ಕುಡಿಯಬೇಡಿ. ರುಚಿ ನೋಡಲು ಅರ್ಧ ಲೋಟ ಸಾಕು. ಮಾತ್ರೆ ನಿಲ್ಲಿಸಿ ನೀರು ಹಿಡಿಯುವುದಂತೂ ಬೇಡವೇ ಬೇಡ.

ರಷ್ಯನ್ನರಲ್ಲಿ ಒಂದು ಮಾತಿದೆ: ಕಿಡ್ನಿ ಕೈಕೊಟ್ಟ ಮೇಲೆ ಬೋರ್ಜೋಮಿ ಕುಡಿದು ಏನು ಬಂತು? ನಾವು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತೇವಲ್ಲ, ಹಾಗೆ. ನೀರನ್ನು ಅಷ್ಟು ಪ್ರೀತಿಸುವ ಜನರೇ ಅದರ ಮಿತಿಯನ್ನೂ ಗಾದೆ ಮಾಡಿಟ್ಟಿದ್ದಾರೆ.

ಬಿಸಿನೀರಿನಲ್ಲಿ ಸ್ನಾನ ಮಾಡಬಹುದೇ?

ಮಾಡಬಹುದು, ಆದರೆ ಹಿಮಾಚಲದ ಮಣಿಕರಣ್‌ನಂಥ ಕುದಿನೀರು ಅಂದುಕೊಂಡು ಹೋಗಬೇಡಿ. ಪಾರ್ಕಿನೊಳಗಿಂದ ಬೋರ್ಜೋಮುಲಾ ಹೊಳೆಯ ಪಕ್ಕ ಸುಮಾರು 3 ಕಿ.ಮೀ. ಮೇಲಕ್ಕೆ ನಡೆದರೆ ಕಾಡಿನ ನಡುವೆ ಗಂಧಕದ ನೀರಿನ ತೆರೆದ ಕೊಳಗಳಿವೆ. ನೀರು ಬೆಚ್ಚಗೆ ಇರುತ್ತದೆ, ಬಿಸಿ ಅಲ್ಲ. ಗಂಧಕದ ವಾಸನೆ ಗೊತ್ತಾಗುತ್ತದೆ. ಪುತ್ತೂರಿನ ಹತ್ತಿರದ ಇರ್ದೆಯ ಬೆಂದ್ರುತೀರ್ಥ ನೋಡಿದವರಿಗೆ ಆ ವಾಸನೆ ಹೊಸದಲ್ಲ.

ಈಜುಡುಪು, ಟವೆಲ್, ಜಾರದ ಚಪ್ಪಲಿ ಒಯ್ಯಿರಿ. ಬೆಳ್ಳಿ ಒಡವೆ ತೆಗೆದಿಟ್ಟು ಹೋಗಿ, ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ವಾರಾಂತ್ಯದ ಮಧ್ಯಾಹ್ನ ಜಾತ್ರೆಯಷ್ಟು ಜನ. ಬೆಳಿಗ್ಗೆ ಬೇಗ ಹೋದರೆ ನೀರಿನ ಮೇಲೆ ಆವಿ ತೆಳ್ಳಗೆ ಎದ್ದಿರುತ್ತದೆ, ಹೊಳೆ ಸದ್ದು ಬಿಟ್ಟರೆ ಬೇರೆ ಗಲಾಟೆ ಇರುವುದಿಲ್ಲ.

ಪಾರ್ಕಿನಲ್ಲಿ ಏನೇನಿದೆ?

ಗೇಟಿನಲ್ಲಿ ಸಣ್ಣ ಮೊತ್ತದ ಟಿಕೆಟ್. ಒಳಗೆ ಹೋದ ಕೂಡಲೇ ಯೆಕತೆರೀನಾ ಊಟೆಯ ಮಂಟಪ ಸಿಗುತ್ತದೆ. ಕಬ್ಬಿಣದ ಕುಸುರಿ, ನೀಲಿ-ಹಸಿರು ಬಣ್ಣ, ಮೇಲೆ ಗಾಜು. ಕೆಳಗಿಳಿದು ನಿಂತರೆ ನೀರು ಹಿಡಿಯಬಹುದು. ಸ್ವಲ್ಪ ಮುಂದೆ ಮಕ್ಕಳ ಆಟದ ಸಾಮಾನು, ಹೊಳೆಗೆ ಅಡ್ಡ ಸೇತುವೆಗಳು, ಸಣ್ಣ ಜಲಪಾತದ ಪಕ್ಕ ಗ್ರೀಕ್ ಪುರಾಣದ ಪ್ರಮೀಥಿಯಸ್ ಪ್ರತಿಮೆ. ರಷ್ಯಾದ ಸಂಗೀತಗಾರ ಚೈಕೋವ್ಸ್ಕಿ 1887ರಲ್ಲಿ ಇಲ್ಲಿ ನೀರಿನ ಚಿಕಿತ್ಸೆಗೆ ಬಂದು ಉಳಿದಿದ್ದರು. ಅವರ ಪ್ರತಿಮೆಯೂ ಇಲ್ಲಿದೆ.

ಗೇಟಿನ ಹತ್ತಿರವೇ ಇರುವ ನೀಲಿ ಬಾಲ್ಕನಿಯ ಕಟ್ಟಡವನ್ನು ಮಾತ್ರ ಓಡುತ್ತಾ ನೋಡಬೇಡಿ. 1892ರಲ್ಲಿ ಪರ್ಷಿಯಾದ ಕಾನ್ಸಲ್ ಮಿರ್ಜಾ ರಿಜಾ ಖಾನ್ ಕಟ್ಟಿಸಿದ ಬೇಸಿಗೆ ಮನೆ ಅದು. ಫಿರೂಜಾ ಅಂತ ಹೆಸರು. ಬಾಲ್ಕನಿಯ ಕೆಳಗೆ ನಿಂತು ತಲೆ ಎತ್ತಿ. ಕತ್ತರಿಸಿ ಜೋಡಿಸಿದ ಕನ್ನಡಿ ಚೂರುಗಳು ಗೂಡು ಗೂಡಾಗಿ ಇಳಿಬಿದ್ದಿವೆ, ಪ್ರತಿ ಚೂರಿನಲ್ಲೂ ಬೀದಿಯ ಒಂದೊಂದು ತುಂಡು ಕಾಣುತ್ತದೆ. ಈಗ ಅದು ಹೋಟೆಲ್. ಹೊರಗಿನಿಂದ ನೋಡಲು ಯಾರ ಅಪ್ಪಣೆಯೂ ಬೇಡ.

ಒಂದೇ ಒಂದು ನಡಿಗೆ ಮಾಡಲು ಸಮಯವಿದ್ದರೆ ಯಾವುದು?

ಪಾರ್ಕಿನಿಂದ ಕೇಬಲ್ ಕಾರ್‌ನಲ್ಲಿ ಮೇಲಿನ ಬಯಲಿಗೆ ಹೋಗಿ. ಅಲ್ಲಿಂದ ಪೈನ್ ಕಾಡಿನೊಳಗೆ ದಾರಿ ಇದೆ. ನಡುವೆ ಸಂತ ಸೆರಾಫಿಮ್ ಹೆಸರಿನ ಪುಟ್ಟ ಚರ್ಚ್. ಅದನ್ನು ದಾಟಿ ಕೆಳಗಿಳಿದರೆ ಗಂಧಕದ ಕೊಳಗಳು. ಮೈ ನೆನೆಸಿ, ಹೊಳೆಯ ಪಕ್ಕದ ದಾರಿಯಲ್ಲೇ ಪಾರ್ಕಿಗೆ ವಾಪಸ್. ಅರ್ಧ ದಿನ ಆರಾಮವಾಗಿ ಹಿಡಿಯುತ್ತದೆ. ಏರು ಕೇಬಲ್ ಕಾರ್ ನೋಡಿಕೊಳ್ಳುತ್ತದೆ, ನಿಮ್ಮ ಪಾಲಿಗೆ ಇಳಿಜಾರು ಮತ್ತು ಸಮತಟ್ಟು. ಇಳಿಜಾರಿನಲ್ಲಿ ಒಣ ಸೂಜಿ ಎಲೆ ಜಾರುತ್ತದೆ, ಒಳ್ಳೆ ಶೂ ಇರಲಿ.

ಮಂಡಿನೋವಿನ ಹಿರಿಯರನ್ನು ಕರೆದುಕೊಂಡು ಹೋಗಬಹುದೇ?

ಖಂಡಿತ. ಮೇಲಿನ ಕಾಡುದಾರಿ ಬಿಟ್ಟು, ಹೊಳೆ ಪಕ್ಕದ ದಾರಿಯಲ್ಲೇ ಹೋಗಿ ಬಂದರಾಯಿತು. ಕೂರಲು ಬೆಂಚುಗಳಿವೆ.

ಸುತ್ತಮುತ್ತ ಏನು ನೋಡಬಹುದು?

ನನ್ನ ಮೊದಲ ಆಯ್ಕೆ ತಿಮೋತೆಸುಬಾನಿ. ಬೋರ್ಜೋಮಿಯಿಂದ ಅರ್ಧ ಗಂಟೆ ಚಿಲ್ಲರೆ ದೂರದ ಹಳ್ಳಿಯಲ್ಲಿ, ಜಾರ್ಜಿಯಾವನ್ನು ಆಳಿದ ರಾಣಿ ತಮಾರ್ ಕಾಲದ ಇಟ್ಟಿಗೆ ಚರ್ಚ್. ಹೊರಗೆ ಇಟ್ಟಿಗೆಯ ನಡುವೆ ಹಸಿರು-ನೀಲಿ ಹೊಳಪಿನ ಬಿಲ್ಲೆಗಳು, ಒಳಗೆ 13ನೇ ಶತಮಾನದ ಗೋಡೆ ಚಿತ್ರಗಳು. ಟೂರ್ ವ್ಯಾನುಗಳು ಈ ಕಡೆ ಬರುವುದು ಕಡಿಮೆ.

ಬೋರ್ಜೋಮಿ-ಖರಗೌಲಿ ರಾಷ್ಟ್ರೀಯ ಉದ್ಯಾನ ಊರಿಗೆ ತಾಗಿಕೊಂಡೇ ಇದೆ. 1995ರಲ್ಲಿ ಸ್ಥಾಪನೆಯಾಗಿ 2001ರಲ್ಲಿ ಜನರಿಗೆ ತೆರೆಯಿತು. ಕಂದು ಕರಡಿ, ಲಿಂಕ್ಸ್ ಅನ್ನುವ ದೊಡ್ಡ ಕಾಡುಬೆಕ್ಕು, ಕೆಂಪು ಜಿಂಕೆ ಇರುವ ಕಾಡು. ಒಂದು ದಿನದ ನಡಿಗೆಯಿಂದ ಹಿಡಿದು ಕಾಡಿನ ಗುಡಿಸಲಲ್ಲಿ ರಾತ್ರಿ ತಂಗುವ ನಡಿಗೆಯವರೆಗೆ ಗುರುತು ಹಾಕಿದ ದಾರಿಗಳಿವೆ. ಹೊರಡುವ ಮುನ್ನ ಅವರ ಕಚೇರಿಯಲ್ಲಿ ಹೆಸರು ಬರೆಸುವುದು ಕಡ್ಡಾಯ. ಚಾರಣಕ್ಕೆ ಕುಮಾರಪರ್ವತ, ಕುದುರೆಮುಖ ಹತ್ತಿ ಅಭ್ಯಾಸ ಇರುವವರಿಗೆ ಈ ಕಾಡು ತುಂಬಾ ಹಿಡಿಸುತ್ತದೆ. ಇಂಬಳದ ಕಾಟವೂ ಇಲ್ಲ.

ಬೋರ್ಜೋಮಿ ಪಕ್ಕದ ಲಿಕಾನಿಯಲ್ಲಿ ರಷ್ಯಾವನ್ನು ಆಳಿದ ರೊಮಾನೋವ್ ಮನೆತನದವರು 1892ರಿಂದ 1895ರವರೆಗೆ ಕಟ್ಟಿಸಿದ ಅರಮನೆ ಇದೆ. ವಾಸ್ತುಶಿಲ್ಪಿ ಲಿಯೋನ್ ಬೆನ್ವಾ. ಆಮೇಲೆ ಸ್ಟಾಲಿನ್ ಕೂಡ ಅಲ್ಲಿ ತಂಗುತ್ತಿದ್ದ.

ಹಿಮ ಬೇಕಾದವರು ಇನ್ನೂ ಮೇಲಿನ ಬಕುರಿಯಾನಿಗೆ ಹೋಗುತ್ತಾರೆ. 1700 ಮೀಟರ್ ಎತ್ತರದ ಸ್ಕೀ ಊರು. 2023ರಲ್ಲಿ ಅಲ್ಲಿ ಫ್ರೀಸ್ಟೈಲ್ ಸ್ಕೀ ಮತ್ತು ಸ್ನೋಬೋರ್ಡ್ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು.

ಆ ಪುಟ್ಟ ರೈಲು ಈಗಲೂ ಓಡುತ್ತದಾ?

ಬೋರ್ಜೋಮಿ–ಬಕುರಿಯಾನಿ ನ್ಯಾರೋಗೇಜ್ ರೈಲಿನ ಮಾತು ಇದು. ಊರಿನವರು ಕುಕುಷ್ಕಾ ಅನ್ನುತ್ತಾರೆ. 1902ರಲ್ಲಿ ಶುರುವಾದದ್ದು, 37 ಕಿ.ಮೀ. ದಾರಿ, ಎರಡೂವರೆ ಗಂಟೆ ಪ್ರಯಾಣ. ಹಳಿಗಳ ಅಗಲ 900 ಮಿಲಿಮೀಟರ್ ಮಾತ್ರ. ದುರಸ್ತಿಗೆಂದು ಓಡಾಟ ತಿಂಗಳುಗಟ್ಟಲೆ ನಿಲ್ಲುವುದುಂಟು. ಅದನ್ನೇ ನಂಬಿ ಪ್ಲಾನ್ ಹಾಕಬೇಡಿ, ಹೋಟೆಲಿನವರಿಗೆ ಫೋನ್ ಮಾಡಿ ವಿಚಾರಿಸಿ. ಇಲ್ಲದಿದ್ದರೆ ಅದೇ ದಾರಿಗೆ ಟ್ಯಾಕ್ಸಿ ಇದೆ.

ಒಂದೇ ದಿನದಲ್ಲಿ ವಾರ್ಡ್ಜಿಯಾ, ರಬಾತಿ, ಬೋರ್ಜೋಮಿ ಮುಗಿಸಬಹುದು ಅಂತಾರಲ್ಲ?

ಮುಗಿಸಬಹುದು. ಆದರೆ ದಿನದ ದೊಡ್ಡ ಪಾಲು ವ್ಯಾನಿನ ಸೀಟಿನಲ್ಲೇ ಕಳೆಯುತ್ತದೆ. ಬೋರ್ಜೋಮಿಯಿಂದ ರಬಾತಿ ಕೋಟೆಗೇ 50 ಕಿ.ಮೀ., ವಾರ್ಡ್ಜಿಯಾ ಗುಹೆಗಳು ಅದಕ್ಕೂ ದೂರ. ಬೋರ್ಜೋಮಿಯಲ್ಲಿ ಉಳಿದುಕೊಂಡು, ಒಂದು ದಿನ ಅವೆರಡನ್ನು ನೋಡಿ ಸಂಜೆ ವಾಪಸ್ ಬನ್ನಿ. ಇನ್ನೊಂದು ದಿನ ಪೂರ್ತಿ ಬೋರ್ಜೋಮಿಗೇ ಕೊಡಿ. ಖರ್ಚು ತುಂಬಾ ಏರುವುದಿಲ್ಲ. ಊರಿನ ಗೆಸ್ಟ್‌ಹೌಸ್‌ಗಳಲ್ಲಿ ಮನೆಯವರೇ ಬೆಳಿಗ್ಗೆ ತಿಂಡಿ ಮಾಡಿಕೊಡುತ್ತಾರೆ.

ಹೋಗುವುದು ಹೇಗೆ?

ಬೆಂಗಳೂರು, ಮಂಗಳೂರಿನಿಂದ ಹೊರಡುವವರು ಸಾಮಾನ್ಯವಾಗಿ ಗಲ್ಫ್‌ನಲ್ಲಿ ವಿಮಾನ ಬದಲಿಸಿ ಟಿಬಿಲಿಸಿ ಸೇರುತ್ತಾರೆ. 2023ರ ಆಗಸ್ಟ್‌ನಲ್ಲಿ ಇಂಡಿಗೋ ದೆಹಲಿಯಿಂದ ನೇರ ವಿಮಾನವನ್ನೂ ಶುರುಮಾಡಿತು. ಟಿಬಿಲಿಸಿಯ ದಿದುಬೆ ಬಸ್ ನಿಲ್ದಾಣದಿಂದ ಬೋರ್ಜೋಮಿಗೆ ಮಿನಿಬಸ್ ಸಿಗುತ್ತದೆ, ಮಾರ್ಷ್ರುತ್ಕಾ ಅಂತ ಕೇಳಿ. ಎರಡೂವರೆಯಿಂದ ಮೂರು ಗಂಟೆ. ರೈಲೂ ಇದೆ, ನಿಧಾನ, ಆದರೆ ಕಣಿವೆ ಶುರುವಾದ ಮೇಲೆ ಕಿಟಕಿ ಬಿಡಲು ಮನಸ್ಸಾಗುವುದಿಲ್ಲ. ನಾಲ್ಕು ಜನ ಇದ್ದರೆ ಟ್ಯಾಕ್ಸಿಯೇ ಸಲೀಸು. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ದುಬೈಗೆ ಸರಿಸಮ.

ವೀಸಾ?

ಭಾರತದ ಪಾಸ್‌ಪೋರ್ಟ್ ಇರುವವರು ಇ-ವೀಸಾಗೆ ಅರ್ಜಿ ಹಾಕಬೇಕು. ಗಲ್ಫ್ ದೇಶಗಳ ರೆಸಿಡೆನ್ಸಿ ಅಥವಾ ಅಮೆರಿಕ, ಬ್ರಿಟನ್, ಷೆಂಗೆನ್ ವೀಸಾ ಇರುವವರಿಗೆ ವೀಸಾ ಇಲ್ಲದೆ ಪ್ರವೇಶದ ಸೌಲಭ್ಯವಿದೆ, ಆದರೆ ಅವಧಿಯ ಷರತ್ತುಗಳು ಬದಲಾಗುತ್ತಿರುತ್ತವೆ. ಟಿಕೆಟ್ ಕೊಳ್ಳುವ ಮೊದಲು ಜಾರ್ಜಿಯಾ ವಿದೇಶಾಂಗ ಇಲಾಖೆಯ ವೆಬ್‌ಸೈಟ್ ನೋಡಿ. ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್, ಪ್ರಯಾಣ ವಿಮೆ ಇವುಗಳ ಪ್ರಿಂಟ್ ಕೈಯಲ್ಲಿರಲಿ. ಫೋನಿನಲ್ಲಿದೆ ಅಂತ ಸುಮ್ನೆ ಹೋಗಬೇಡಿ.

ಯಾವ ತಿಂಗಳು ಒಳ್ಳೆಯದು?

ಮೇ, ಜೂನ್, ಸೆಪ್ಟೆಂಬರ್, ಅಕ್ಟೋಬರ್. ಅಕ್ಟೋಬರ್‌ನಲ್ಲಿ ಕಾಡಿನ ಎಲೆ ಬಣ್ಣ ತಿರುಗುತ್ತದೆ, ನನಗೆ ಅದೇ ಇಷ್ಟ. ಜುಲೈ, ಆಗಸ್ಟ್‌ನಲ್ಲಿ ಜನ ಜಾಸ್ತಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೊರೆಯುವ ಚಳಿ, ಹಿಮ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ?

ಧಾರಾಳ. ಲೋಬಿಯೊ ಕೇಳಿ. ಮಣ್ಣಿನ ಕುಡಿಕೆಯಲ್ಲಿ ಬೇಯಿಸಿದ ಕೆಂಪು ಹುರುಳಿಕಾಯಿ ಬೀಜ, ಜೊತೆಗೆ ಮ್ಚಾದಿ ಅನ್ನುವ ಮೆಕ್ಕೆಜೋಳದ ರೊಟ್ಟಿ. ಉತ್ತರ ಕರ್ನಾಟಕದವರಿಗೆ ಕಾಳು ಪಲ್ಯ, ರೊಟ್ಟಿ ಸಿಕ್ಕಷ್ಟೇ ಸಮಾಧಾನ. ಬದನೆಕಾಯಿಗೆ ಅಕ್ರೋಟು ಅರೆದು ತುಂಬಿದ ಬದ್ರಿಜಾನಿ, ಚೀಸ್ ತುಂಬಿದ ರೊಟ್ಟಿಯಾದ ಖಚಾಪುರಿ, ಆಲೂ ಅಥವಾ ಅಣಬೆ ತುಂಬಿದ ಕಡುಬಿನಂಥ ಖಿಂಕಾಲಿ ಎಲ್ಲ ಸಿಗುತ್ತವೆ. ಹಾಲು, ಮೊಟ್ಟೆ, ಮಾಂಸ ಏನೂ ಬೇಡ ಅನ್ನುವವರು 'ಸಮರ್ಖ್ವೊ' ಅಂತ ಕೇಳಿ. ಚರ್ಚಿನ ಉಪವಾಸದ ದಿನಗಳ ಅಡುಗೆಗೆ ಅಲ್ಲಿ ಆ ಹೆಸರು. ಮೀನೂ ಬೇಡ ಅಂತ ಬೇರೆಯಾಗಿ ಹೇಳಿ.

ಪಾರ್ಕಿನ ಗೇಟಿನ ಮುಂದೆ ಪುಟ್ಟ ಸೀಸೆಗಳಲ್ಲಿ ಪೈನ್ ಕಾಯಿಯ ಜಾಮ್ ಮಾರುತ್ತಾರೆ. ಎಳೆಯ ಹಸಿರು ಕಾಯಿಗಳನ್ನು ಇಡಿಯಾಗಿ ಸಕ್ಕರೆ ಪಾಕದಲ್ಲಿ ಬೇಯಿಸಿ ಮಾಡುವುದು. ಪಾಕ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಕಾಯಿ ಮೆತ್ತಗಾಗಿ ಹಲ್ಲಿಗೆ ಸ್ವಲ್ಪ ರಾಳದ ಘಮ ಬಿಡುತ್ತದೆ. ಚಹಾ ಜೊತೆ ಒಂದು ಚಮಚ ಚೆನ್ನ.

ಊರಿನ ಬದುಕು ಪೂರ್ತಿ ನೀರಿನ ಮೇಲೆಯೇ?

ಬಹುಮಟ್ಟಿಗೆ ಹೌದು, ಕಷ್ಟವೂ ಅಲ್ಲಿಂದಲೇ ಬರುತ್ತದೆ. 2006ರಲ್ಲಿ ರಷ್ಯಾ ಬೋರ್ಜೋಮಿ ನೀರನ್ನು ನಿಷೇಧಿಸಿತು. ದೊಡ್ಡ ಮಾರುಕಟ್ಟೆಯೇ ಕೈತಪ್ಪಿತು. ಅದು ಮತ್ತೆ ತೆರೆದದ್ದು 2013ರಲ್ಲಿ. 2008ರ ಆಗಸ್ಟ್‌ನಲ್ಲಿ ರಷ್ಯಾ–ಜಾರ್ಜಿಯಾ ಯುದ್ಧದ ದಿನಗಳಲ್ಲಿ ಕಣಿವೆಯ ಕಾಡಿಗೆ ಬೆಂಕಿ ಬಿದ್ದು ನೂರಾರು ಎಕರೆ ಸುಟ್ಟುಹೋಯಿತು. 2022ರಲ್ಲಿ ಉಕ್ರೇನ್ ಯುದ್ಧದ ನಿರ್ಬಂಧಗಳಿಂದ ಕಂಪನಿಯ ರಷ್ಯನ್ ಮಾಲೀಕರ ಹಣಕಾಸು ಸಿಕ್ಕಿಹಾಕಿಕೊಂಡು ಕಾರ್ಖಾನೆ ನಿಂತಿತು. ಕೆಲಸಗಾರರು ಮುಷ್ಕರಕ್ಕೆ ಕೂತರು. ಕೊನೆಗೆ 7.73 ಶೇಕಡಾ ಷೇರು ಜಾರ್ಜಿಯಾ ಸರ್ಕಾರದ ಕೈಗೆ ಬಂತು, ಕೆಲಸ ಮತ್ತೆ ಶುರುವಾಯಿತು.

ಇನ್ನೊಂದು ಆತಂಕ ನೆಲದಡಿಯದು. ಅಜೆರ್ಬೈಜಾನ್‌ನಿಂದ ಟರ್ಕಿಗೆ ಎಣ್ಣೆ ಒಯ್ಯುವ ಬಾಕು–ಟಿಬಿಲಿಸಿ–ಜೈಹಾನ್ ತೈಲ ಕೊಳವೆ ಬೋರ್ಜೋಮಿ ಜಿಲ್ಲೆಯ ಮೂಲಕವೇ ಹೋಗುತ್ತದೆ. 2002ರಲ್ಲಿ ಅದಕ್ಕೆ ಒಪ್ಪಿಗೆ ಕೊಡುವಾಗ ದೇಶದಲ್ಲಿ ದೊಡ್ಡ ಗಲಾಟೆಯೇ ಆಗಿತ್ತು. ಒಂದು ಸೋರಿಕೆ ಆದರೂ ಊಟೆಗಳ ಗತಿ ಏನು ಅನ್ನುವ ಭಯ ಅದು. ನೀರನ್ನೇ ನಂಬಿದ ಊರಿಗೆ ಆ ಭಯ ನ್ಯಾಯವಾದದ್ದು.

ಭಾಷೆ, ಹಣ, ಸುರಕ್ಷತೆ?

ಜಾರ್ಜಿಯನ್ ಭಾಷೆ, ವಯಸ್ಸಾದವರಿಗೆ ರಷ್ಯನ್ ಕೂಡ ಬರುತ್ತದೆ. ಇಂಗ್ಲಿಷ್ ಹೋಟೆಲುಗಳಲ್ಲಿ ನಡೆಯುತ್ತದೆ. ಅಲ್ಲಿನ ಹಣದ ಹೆಸರು ಲಾರಿ. ಕಾರ್ಡ್ ಬಹಳ ಕಡೆ ಆಗುತ್ತದೆ, ಮಿನಿಬಸ್ಸಿಗೆ, ಜಾಮ್ ಮಾರುವ ಅಜ್ಜಿಗೆ ಚಿಲ್ಲರೆ ಬೇಕು. ಬೀದಿನಾಯಿಗಳು ಕಂಡರೆ ಹೆದರಬೇಡಿ. ಕಿವಿಗೆ ಟ್ಯಾಗ್ ಇದ್ದರೆ ಲಸಿಕೆ ಆಗಿದೆ ಅಂತ ಗುರುತು. ಹಾಗಂತ ಮಕ್ಕಳನ್ನು ಮುಟ್ಟಲು ಬಿಡುವುದೂ ಬೇಡ.

ಬ್ಯಾಗಿನಲ್ಲಿ ಮರೆಯದೆ ಏನು ಇಡಬೇಕು?

ಬೇಸಿಗೆಯಲ್ಲೂ ಸಂಜೆಗೆ ಒಂದು ಸ್ವೆಟರ್, ಮಳೆಗೆ ತೆಳು ಜಾಕೆಟ್. ಚರ್ಚುಗಳಿಗೆ ಹೋಗುವಾಗ ಹೆಂಗಸರ ತಲೆಗೆ ಒಂದು ದುಪಟ್ಟಾ, ಗಂಡಸರಿಗೆ ಪೂರ್ತಿ ಉದ್ದದ ಪ್ಯಾಂಟ್. ಮತ್ತೆ, ಪಾರ್ಕಿಗೆ ನಿಮ್ಮದೇ ಒಂದು ಸ್ಟೀಲ್ ಲೋಟ ಒಯ್ಯಿರಿ. ಅಲ್ಲಿ ಕೊಳ್ಳುವ ಪ್ಲಾಸ್ಟಿಕ್ ಲೋಟಗಳು ಹೊಳೆ ಸೇರುವುದನ್ನು ಅಷ್ಟಾದರೂ ಕಡಿಮೆ ಮಾಡಬಹುದು.